ತಪ್ಪಿದ ಊಹೆಯ ಲೆಕ್ಕ: ಜಾರಾ ಬೆಳೆದ ಬಗೆ

(ವಾಣಿಜ್ಯ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ಮಾತ್ರ ತೆಗೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಷಾಢ ಬಂತೆಂದರೆ ಚಿಕ್ಕಪೇಟೆಯಿಂದ ಹಿಡಿದು ತಾಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯವರೆಗೆ ಬಟ್ಟೆಗೆ ರಿಯಾಯಿತಿ ಬೋರ್ಡು ಬೀಳುತ್ತದೆ. ಮದುವೆ ಮುಂಜಿ ಇಲ್ಲದ ತಿಂಗಳು, ವ್ಯಾಪಾರ ಇರುವುದಿಲ್ಲ, ಅದಕ್ಕೇ ಎನ್ನುತ್ತೇವೆ. ಅದು ನಿಜ. ಆದರೆ ಗಲ್ಲಾಪೆಟ್ಟಿಗೆ ಹಿಂದೆ ಕೂತವರನ್ನು ಕೇಳಿದರೆ ಇನ್ನೊಂದು ಕಾರಣ ಹೇಳುತ್ತಾರೆ: ಯುಗಾದಿಗೆ, ಮದುವೆ ಸೀಸನ್‌ಗೆ ಅಂತ ತರಿಸಿದ್ದು ಖರ್ಚಾಗದೆ ಉಳಿದಿದೆ, ಗೌರಿ-ಗಣೇಶನ ಮಾಲು ಬರುವ ಮೊದಲು ಅದು ಜಾಗ ಖಾಲಿ ಮಾಡಬೇಕು. ನಾಲ್ಕು ತಿಂಗಳ ಹಿಂದೆ ಅಂಗಡಿಯವರು ಒಂದು ಊಹೆ ಮಾಡಿದ್ದರು, ಈ ಸಲ ಹಸಿರು ಓಡುತ್ತದೆ ಅಂತ. ಓಡಿದ್ದು ನೀಲಿ. ಆ ಹಸಿರು ಬಟ್ಟೆಯ ಮೇಲೆ ಬಿಟ್ಟುಕೊಡುವ ಮುನ್ನೂರು ರೂಪಾಯಿ ತಪ್ಪಿದ ಊಹೆಗೆ ತೆರುವ ದಂಡ.

ಪ್ರಪಂಚದ ಯಾವ ಬಟ್ಟೆ ವ್ಯಾಪಾರಿಯೂ ಈ ದಂಡದಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಸ್ವೀಡನ್ನಿನ ಎಚ್ ಅಂಡ್ ಎಂನಂಥ ದೈತ್ಯ ಕಂಪನಿಯೇ 2018ರಲ್ಲಿ ಸುಮಾರು 430 ಕೋಟಿ ಡಾಲರ್ ಬೆಲೆಯ ಮಾರಾಟವಾಗದ ಬಟ್ಟೆಯ ರಾಶಿ ಇಟ್ಟುಕೊಂಡು ಕೂತಿತ್ತು. ಈ ದಂಡವನ್ನು ಎಲ್ಲರಿಗಿಂತ ಕಡಿಮೆ ಕಟ್ಟುವ ಉಪಾಯ ಕಂಡುಕೊಂಡದ್ದು ಸ್ಪೇನಿನ ಬಟ್ಟೆ ಕಂಪನಿ ಜಾರಾ. ಅದರ ಬೆಳವಣಿಗೆಯನ್ನು ‘ಅಗ್ಗ’, ‘ಸ್ಟೈಲ್’, ‘ಬ್ರ್ಯಾಂಡ್’ ಎಂಬ ಮಾತುಗಳಲ್ಲಿ ವಿವರಿಸುವವರು ಬಹಳ. ನನ್ನ ಪ್ರಕಾರ ಅದನ್ನು ಊಹೆಯ ಲೆಕ್ಕವಾಗಿ ನೋಡಿದರೆ ಮಾತ್ರ ಅರ್ಥವಾಗುತ್ತದೆ. ಊಹೆ ತಪ್ಪಿದರೆ ನಷ್ಟ ಯಾರದ್ದು? ಆ ನಷ್ಟವನ್ನು ಯಾರು ಯಾರ ಹೆಗಲಿಗೆ ದಾಟಿಸುತ್ತಾರೆ? ಬೆಂಗಳೂರಿನ ರಫ್ತು ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್ ಆಗಿ, ಅಂದರೆ ವಿದೇಶಿ ಬ್ರ್ಯಾಂಡುಗಳ ಆರ್ಡರ್ ನೋಡಿಕೊಳ್ಳುವ ಕೆಲಸದಲ್ಲಿ, ವರ್ಷಗಟ್ಟಲೆ ದುಡಿದವಳು ನಾನು. ಹಾಗಾಗಿ ಈ ಎರಡನೆಯ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ.

ಮೊದಲು ಮನುಷ್ಯನ ಕಥೆ. ಅಮಾನ್ಸಿಯೊ ಒರ್ತೇಗಾ ಹುಟ್ಟಿದ್ದು 1936ರಲ್ಲಿ, ಸ್ಪೇನಿನ ಅಂತರ್ಯುದ್ಧ ಶುರುವಾದ ವರ್ಷ. ತಂದೆ ರೈಲ್ವೆ ನೌಕರ. ಅಂಗಡಿಯಾತ ತನ್ನ ತಾಯಿಗೆ ‘ಇನ್ನು ಸಾಲ ಕೊಡಲು ಆಗುವುದಿಲ್ಲಮ್ಮ’ ಎಂದದ್ದನ್ನು ಹುಡುಗ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಅವತ್ತೇ ದುಡಿಯಬೇಕೆಂದು ತೀರ್ಮಾನಿಸಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹದಿಮೂರು-ಹದಿನಾಲ್ಕರ ಹರೆಯದಲ್ಲಿ ಶಾಲೆ ಬಿಟ್ಟು ಲಾ ಕೊರೂನ್ಯ ಎಂಬ ಬಂದರು ಊರಿನ ಒಂದು ಶರ್ಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದರು. ಈ ಊರು ಇರುವುದು ಗಲೀಸಿಯಾದಲ್ಲಿ, ಸ್ಪೇನಿನ ವಾಯವ್ಯ ಮೂಲೆಯಲ್ಲಿ. ಮೀನುಗಾರಿಕೆ, ಮಳೆ, ಬಡತನ, ಲ್ಯಾಟಿನ್ ಅಮೆರಿಕಕ್ಕೆ ಗುಳೆ ಹೋಗುವ ಗಂಡಸರು – ಆ ಕಾಲದ ಗಲೀಸಿಯಾ ಇಷ್ಟೇ. ಊರಲ್ಲಿ ಉಳಿದ ಹೆಂಗಸರಿಗೆ ಹೊಲಿಗೆ ಬರುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

1963ರಲ್ಲಿ ಒರ್ತೇಗಾ ತಮ್ಮದೇ ಸಣ್ಣ ತಯಾರಿಕೆ ಶುರು ಮಾಡಿದರು: ಹೆಂಗಸರು ಮನೆಯಲ್ಲಿ ತೊಡುವ, ಹತ್ತಿ ತುಂಬಿ ಹೊಲಿದ ಗೌನುಗಳು. ಜೊತೆಗಿದ್ದವರು ರೊಸಾಲಿಯಾ ಮೇರಾ, ಆಮೇಲೆ ಹೆಂಡತಿಯಾದರು. ಹನ್ನೊಂದನೇ ವಯಸ್ಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಇಳಿದ ಹೆಣ್ಣುಮಗಳು. ಕಂಪನಿಯ ಚರಿತ್ರೆ ಬರೆಯುವವರು ಅವರನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಬಟ್ಟೆ ಹೇಗೆ ಹುಟ್ಟುತ್ತದೆ ಎಂದು ಕೈಯಾರೆ ಬಲ್ಲ ಇಬ್ಬರು ಕಟ್ಟಿದ ಕಂಪನಿ ಅದು.

1975ರಲ್ಲಿ ಲಾ ಕೊರೂನ್ಯದಲ್ಲಿ ಮೊದಲ ಜಾರಾ ಅಂಗಡಿ ತೆರೆಯಿತು. ಯಾಕೆ ತೆರೆದರು ಎನ್ನುವುದಕ್ಕೆ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಒಂದು ಕಥೆ ಚಾಲ್ತಿಯಲ್ಲಿದೆ. ಜರ್ಮನಿಯ ಒಬ್ಬ ಸಗಟು ವ್ಯಾಪಾರಿ ದೊಡ್ಡ ಆರ್ಡರನ್ನು ಕಡೇ ಗಳಿಗೆಯಲ್ಲಿ ರದ್ದು ಮಾಡಿದನಂತೆ. ತಯಾರಾದ ಮಾಲು ಕೈಯಲ್ಲೇ ಉಳಿಯಿತು. ಮಾರಲು ಸ್ವಂತ ಅಂಗಡಿಯೇ ಬೇಕಾಯಿತು. ಅಂದರೆ ಒರ್ತೇಗಾ ಆರ್ಡರ್ ರದ್ದಾದ ಕಾರ್ಖಾನೆ ಮಾಲೀಕನ ಸಂಕಟವನ್ನು ಉಂಡವರು. ಬೇರೊಬ್ಬನ ಊಹೆ ತಪ್ಪಿದ್ದಕ್ಕೆ ದಂಡ ಕಟ್ಟಿದವರು. ಆ ಕಂಪನಿಯೇ ಮುಂದೆ ಸಾವಿರಾರು ಕಾರ್ಖಾನೆಗಳಿಗೆ ಆರ್ಡರ್ ಕೊಡುವ ಜಾಗದಲ್ಲಿ ಕೂತಿತು.

ಬೆಳವಣಿಗೆಯ ಮೈಲಿಗಲ್ಲುಗಳನ್ನು ಬೇಗ ಹೇಳಿಬಿಡುತ್ತೇನೆ, ನಿಮ್ಮ ಮೊಬೈಲಲ್ಲೇ ಸಿಗುತ್ತವೆ. 1985ರಲ್ಲಿ ಇಂಡಿಟೆಕ್ಸ್ ಎಂಬ ಮಾತೃಸಂಸ್ಥೆ. 1988ರಲ್ಲಿ ಪೋರ್ಚುಗಲ್‌ನ ಪೋರ್ಟೊದಲ್ಲಿ ಹೊರದೇಶದ ಮೊದಲ ಅಂಗಡಿ, 1989ರಲ್ಲಿ ನ್ಯೂಯಾರ್ಕ್, 1990ರಲ್ಲಿ ಪ್ಯಾರಿಸ್. ಪುಲ್ ಅಂಡ್ ಬೇರ್, ಮಾಸ್ಸಿಮೊ ದುಟ್ಟಿ, ಬೆರ್ಷ್ಕಾ, ಸ್ತ್ರಾದಿವಾರಿಯಸ್ ಎಂಬ ತಂಗಿ-ತಮ್ಮ ಬ್ರ್ಯಾಂಡುಗಳು. 2001ರಲ್ಲಿ ಷೇರುಪೇಟೆ ಪ್ರವೇಶ. 2024ರ ಹಣಕಾಸು ವರ್ಷದಲ್ಲಿ ಮಾರಾಟ 3,860 ಕೋಟಿ ಯೂರೋ, ನಿವ್ವಳ ಲಾಭ ಸುಮಾರು 590 ಕೋಟಿ ಯೂರೋ. ಈಗ ಅಧ್ಯಕ್ಷೆ ಒರ್ತೇಗಾರ ಮಗಳು ಮಾರ್ತಾ. ಒರ್ತೇಗಾ ಹತ್ತಿರ ಈಗಲೂ ಶೇ 59ರಷ್ಟು ಷೇರುಗಳಿವೆ. 1999ರವರೆಗೆ ಈ ಮನುಷ್ಯನ ಒಂದು ಫೋಟೊ ಕೂಡ ಕಂಪನಿ ಹೊರಗೆ ಬಿಟ್ಟಿರಲಿಲ್ಲ ಎಂದರೆ ನಿಮ್ಮ ಇನ್‌ಸ್ಟಾಗ್ರಾಂ ತಲೆಮಾರಿಗೆ ನಂಬುವುದು ಕಷ್ಟ.

ಈಗ ವ್ಯವಸ್ಥೆಗೆ ಬರೋಣ. ಅಲ್ಲಿ ನಿಧಾನವಾಗಿ ನಡೆಯೋಣ.

ಮಾಮೂಲಿ ಬ್ರ್ಯಾಂಡ್ ಒಂದು ಹೇಗೆ ನಡೆಯುತ್ತದೆ? ಮುಂದಿನ ಬೇಸಿಗೆಗೆ ಏನು ಓಡುತ್ತದೆ ಎಂದು ಆರೇಳು ತಿಂಗಳು ಮೊದಲೇ ನಿರ್ಧರಿಸುತ್ತದೆ. ಬಾಂಗ್ಲಾದೇಶಕ್ಕೋ, ಚೀನಾಕ್ಕೋ, ನಮ್ಮಲ್ಲಿಗೋ ದೊಡ್ಡ ಆರ್ಡರ್ ಕೊಡುತ್ತದೆ. ಹಡಗಿನಲ್ಲಿ ಮಾಲು ಬರುತ್ತದೆ. ಆ ಹೊತ್ತಿಗೆ ಜನರ ಅಭಿರುಚಿ ಎಲ್ಲಿಗೋ ಹೋಗಿರುತ್ತದೆ. ಆಮೇಲೆ ಅವರ ಆಷಾಢ.

ಜಾರಾ ಇದನ್ನು ತಿರುಗಿಸಿತು. ಸೀಸನ್ ಶುರುವಾಗುವ ಹೊತ್ತಿಗೆ ಒಟ್ಟು ಮಾಲಿನ ಅರ್ಧದಷ್ಟಕ್ಕೆ ಮಾತ್ರ ಗಟ್ಟಿ ಆರ್ಡರ್. ಉಳಿದದ್ದು ಸೀಸನ್ ನಡೆಯುತ್ತಿರುವಾಗಲೇ, ಅಂಗಡಿಯಲ್ಲಿ ಏನು ಹೋಗುತ್ತಿದೆ ಎಂದು ನೋಡಿಕೊಂಡು. ಒಂದು ವಿನ್ಯಾಸ ಕಾಗದದಿಂದ ಅಂಗಡಿಯ ಹ್ಯಾಂಗರ್‌ಗೆ ಬರಲು ಎರಡು ಮೂರು ವಾರ ಸಾಕು. ಇದು ಆಗಬೇಕಾದರೆ ಹೊಲಿಯುವವರು ಹತ್ತಿರದಲ್ಲೇ ಇರಬೇಕು. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಮಾಲು ಸ್ಪೇನ್, ಪೋರ್ಚುಗಲ್, ಮೊರಾಕೊ, ಟರ್ಕಿಗಳಿಂದ. ಅಲ್ಲಿ ಕೂಲಿ ಜಾಸ್ತಿ, ಆದರೆ ರಿಯಾಯಿತಿಯಲ್ಲಿ ಕಳೆದುಕೊಳ್ಳುವ ದುಡ್ಡು ಅದಕ್ಕಿಂತ ಜಾಸ್ತಿ ಎಂಬ ಲೆಕ್ಕ ಒರ್ತೇಗಾರದು. ಇದು ಅಸಲಿ ಬುದ್ಧಿವಂತಿಕೆ ಎಂದು ನಾನು ಒಪ್ಪುತ್ತೇನೆ. ಎಲ್ಲರೂ ಒಂದು ಶರ್ಟಿಗೆ ಎಷ್ಟು ಬೀಳುತ್ತದೆ ಎಂದು ಎಣಿಸುತ್ತಿದ್ದಾಗ ಅವರು ಮಾರಾಟವಾಗದ ಶರ್ಟಿಗೆ ಎಷ್ಟು ಬೀಳುತ್ತದೆ ಎಂದು ಎಣಿಸಿದರು.

ಬಟ್ಟೆಯನ್ನೂ ಹಾಗೇ. ಬಣ್ಣ ಹಾಕದ ಬಿಳಿ ಥಾನುಗಳನ್ನು ದಾಸ್ತಾನಿಟ್ಟುಕೊಳ್ಳುತ್ತಿದ್ದರು. ನೀಲಿ ಓಡುತ್ತಿದೆ ಎಂದು ಗೊತ್ತಾದ ಮೇಲೆ ನೀಲಿ ಬಣ್ಣಕ್ಕೆ ಅದ್ದುವುದು. ಕಟಿಂಗ್ ತಮ್ಮದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ಯಂತ್ರದಿಂದ. ಕತ್ತರಿಸಿದ ತುಂಡುಗಳನ್ನು ಗಲೀಸಿಯಾ ಮತ್ತು ಉತ್ತರ ಪೋರ್ಚುಗಲ್‌ನ ಹಳ್ಳಿಗಳ ಸಣ್ಣ ಹೊಲಿಗೆ ಘಟಕಗಳಿಗೆ ಕಳಿಸುವುದು, ಹೊಲಿದದ್ದು ವಾಪಸು ಬಂದ ಮೇಲೆ ಇಸ್ತ್ರಿ, ಟ್ಯಾಗ್, ಲಾ ಕೊರೂನ್ಯ ಪಕ್ಕದ ಅರ್ತೇಯ್ಶೊದಲ್ಲಿರುವ ಉಗ್ರಾಣ. ಅಲ್ಲಿಂದ ವಾರಕ್ಕೆ ಎರಡು ಸಲ ಪ್ರಪಂಚದ ಪ್ರತಿ ಅಂಗಡಿಗೂ ಮಾಲು. ಯೂರೋಪಿಗೆ ಲಾರಿ, ಉಳಿದ ಕಡೆಗೆ ವಿಮಾನ.

ಗಮನಿಸಿದಿರಾ? ಯಂತ್ರ ಬೇಕಾದ, ಬಂಡವಾಳ ಬೇಕಾದ ಕೆಲಸ ತಮ್ಮ ಕೈಯಲ್ಲಿ. ಕೈ ಬೇಕಾದ ಕೆಲಸ ಮಾತ್ರ ಹೊರಗೆ. ಹೊಲಿಗೆ ಘಟಕದವರು ಕಂಪನಿಯ ನೌಕರರಲ್ಲ. ಆರ್ಡರ್ ಇದ್ದರೆ ಕೂಲಿ, ಇಲ್ಲದಿದ್ದರೆ ಇಲ್ಲ. ಗಲೀಸಿಯಾದ ಆ ಹೊಲಿಗೆ ಬಲ್ಲ ಹೆಂಗಸರು ಇಲ್ಲಿ ಬಂದರು ನೋಡಿ. ಮುಂದೆ ಮೊರಾಕೊ, ಟರ್ಕಿಗಳಲ್ಲಿ ಹೊಲಿಗೆ ಅಗ್ಗವಾದಾಗ ಅವರಲ್ಲಿ ಬಹಳಷ್ಟು ಘಟಕಗಳು ಬಾಗಿಲು ಹಾಕಿದವು.

ಅಂಗಡಿಯೊಳಗಿನ ಒಂದು ಸಣ್ಣ ನಿಯಮ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಒಂದು ಡಿಸೈನಿನಲ್ಲಿ ಎಂ ಸೈಜ್ ಮುಗಿಯಿತು, ಎಸ್ ಎರಡು, ಎಕ್ಸ್‌ಎಲ್ ಒಂದು ಉಳಿದಿದೆ ಅನ್ನಿ. ನಮ್ಮ ಅಂಗಡಿಯವರಾದರೆ ‘ಇದ್ದದ್ದರಲ್ಲಿ ನೋಡಿ ಮೇಡಂ, ಸ್ವಲ್ಪ ಟೈಟ್ ಮಾಡಿಸಿಕೊಳ್ಳಿ’ ಎನ್ನುತ್ತಾರೆ. ಜಾರಾದಲ್ಲಿ ಮುಖ್ಯ ಸೈಜ್ ಮುಗಿದರೆ ಉಳಿದ ಪೀಸುಗಳನ್ನೂ ಎದುರಿನಿಂದ ಎತ್ತಿ ಒಳಗಿಡುತ್ತಾರೆ, ಇಲ್ಲವೇ ಬೇರೆ ಅಂಗಡಿಗೆ ಕಳಿಸುತ್ತಾರೆ. ಆ ಜಾಗಕ್ಕೆ ಹೊಸ ಡಿಸೈನು. ಯಾಕೆಂದರೆ ತನ್ನ ಸೈಜ್ ಸಿಗದೆ ಹೋದ ಗಿರಾಕಿ ಮುನಿಸಿಕೊಳ್ಳುತ್ತಾಳೆ, ಡಿಸೈನೇ ಕಾಣದ ಗಿರಾಕಿಗೆ ಮುನಿಸಿಕೊಳ್ಳಲು ಏನೂ ಇಲ್ಲ. ಯಾವ ಅಂಗಡಿಗೆ ಯಾವ ಸೈಜ್ ಎಷ್ಟು ಕಳಿಸಬೇಕು ಎನ್ನುವುದಕ್ಕೆ ಅಮೆರಿಕದ ಎಂಐಟಿ ಮತ್ತು ಯುಸಿಎಲ್‌ಎ ವಿಶ್ವವಿದ್ಯಾಲಯಗಳ ಸಂಶೋಧಕರ ಜೊತೆ ಕೂತು ಈ ನಿಯಮವನ್ನೂ ಸೇರಿಸಿ ಗಣಿತದ ಮಾದರಿ ಕಟ್ಟಿದರು. ಪರೀಕ್ಷೆಯಲ್ಲಿ ಮಾರಾಟ ಶೇ 3ರಿಂದ 4ರಷ್ಟು ಏರಿತು. ಇಷ್ಟು ದೊಡ್ಡ ಕಂಪನಿಗೆ ಅದು ಸಣ್ಣ ಮೊತ್ತವಲ್ಲ.

ಇದರ ಇನ್ನೊಂದು ಫಲ ಗಿರಾಕಿಯ ಮನಸ್ಸಿನಲ್ಲಿ. ಇವತ್ತು ಬಿಟ್ಟರೆ ಮುಂದಿನ ವಾರ ಅದೇ ಕುರ್ತಿ ಇರುವುದಿಲ್ಲ ಎಂದು ಗೊತ್ತಾದ ಮೇಲೆ ಸೇಲ್ ಬರಲಿ ಅಂತ ಕಾಯುವವರು ಯಾರು? ಸ್ಪೇನಿನಲ್ಲಿ ಬೇರೆ ಅಂಗಡಿಗೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗುವ ಗಿರಾಕಿ ಜಾರಾಕ್ಕೆ ಹದಿನೇಳು ಸಲ ಹೋಗುತ್ತಾಳೆ ಎನ್ನುವ ಅಂದಾಜು ಈ ಶತಮಾನದ ಆರಂಭದಲ್ಲೇ ಬಂದಿತ್ತು. ಹೀಗೆ ತಾವಾಗಿಯೇ ಬರುವವರಿಗೆ ಜಾಹೀರಾತು ಯಾಕೆ? ಉಳಿದವರು ಮಾರಾಟದ ಶೇ 3-4ರಷ್ಟನ್ನು ಜಾಹೀರಾತಿಗೆ ಸುರಿಯುತ್ತಿದ್ದಾಗ ಇವರದ್ದು ಶೇ 0.3. ಆ ದುಡ್ಡು ಊರಿನ ಅತಿ ದುಬಾರಿ ರಸ್ತೆಯ ಬಾಡಿಗೆಗೆ ಹೋಯಿತು. 2011ರಲ್ಲಿ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಒಂದು ಮಳಿಗೆಯ ಜಾಗಕ್ಕೆ 32.4 ಕೋಟಿ ಡಾಲರ್ ಕೊಟ್ಟರು. ಅಕ್ಕಪಕ್ಕದಲ್ಲಿ ಐಷಾರಾಮಿ ಅಂಗಡಿಗಳಿದ್ದರೆ ನಿಮ್ಮ ಕಿಟಕಿಯೇ ಜಾಹೀರಾತು.

ಹಾಗಾದರೆ ಡಿಸೈನ್ ಎಲ್ಲಿಂದ, ಅಂತ ಒಬ್ಬ ಹುಡುಗ ಕೇಳಿದ. ಜಾರಾದಲ್ಲಿ ನೂರಾರು ವಿನ್ಯಾಸಕಾರರಿದ್ದಾರೆ, ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ವಿನ್ಯಾಸ ತೆಗೆಯುತ್ತಾರೆ. ಇಷ್ಟು ವೇಗದಲ್ಲಿ ಇಷ್ಟು ಹೊಸತು ಯಾರ ತಲೆಯಲ್ಲೂ ಹುಟ್ಟುವುದಿಲ್ಲ. ಪ್ಯಾರಿಸ್, ಮಿಲಾನ್‌ಗಳ ಫ್ಯಾಷನ್ ಶೋಗಳಲ್ಲಿ ಕಂಡದ್ದರ ಸುಳಿವು ಹಿಡಿದು ಮಾಡಿದ್ದೇ ಬಹಳ. ಬೂಟಿನ ಕೆಂಪು ತಳಕ್ಕೆ ಹೆಸರಾದ ಲುಬುಟಾನ್ ಕಂಪನಿ ಫ್ರಾನ್ಸಿನಲ್ಲಿ ಜಾರಾ ಮೇಲೆ ದಾವೆ ಹೂಡಿ 2012ರಲ್ಲಿ ಸೋತಿತು. ಬಟ್ಟೆಯ ವಿನ್ಯಾಸಕ್ಕೆ ಕಾನೂನಿನ ಬೇಲಿ ಯಾವಾಗಲೂ ಸಡಿಲ.

ವಾಣಿಜ್ಯದ ವಿದ್ಯಾರ್ಥಿಗಳು ನೀವು, ಬ್ಯಾಲೆನ್ಸ್ ಶೀಟಿನ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಗಿರಾಕಿ ಕೌಂಟರಿನಲ್ಲಿ ಅವತ್ತೇ ದುಡ್ಡು ಕೊಡುತ್ತಾಳೆ. ಮಾಲು ಉಗ್ರಾಣದಲ್ಲಿ ಬಹಳ ದಿನ ಕೂರುವುದಿಲ್ಲ. ಮಾಲು ಕೊಟ್ಟವನಿಗೆ ಪಾವತಿ ವಾರಗಟ್ಟಲೆ ಆದ ಮೇಲೆ. ನಡುವಿನ ದಿನಗಳಲ್ಲಿ ಆ ದುಡ್ಡು ಯಾರದ್ದು? ಕಾನೂನಿನಲ್ಲಿ ಸಾಲ, ವ್ಯವಹಾರದಲ್ಲಿ ಬಡ್ಡಿ ಇಲ್ಲದ ಬಂಡವಾಳ. ಅಂಗಡಿಯ ಮೇಲೆ ಅಂಗಡಿ ತೆರೆದದ್ದರಲ್ಲಿ ಇದರ ಪಾಲು ದೊಡ್ಡದು. 2024ರ ಕೊನೆಗೆ ಕಂಪನಿಯ ಕೈಯಲ್ಲಿ 1,100 ಕೋಟಿ ಯೂರೋಗೂ ಹೆಚ್ಚು ನಿವ್ವಳ ನಗದು ಇತ್ತು. ಅತ್ತ ಮಾಲು ಕೊಡುವ ಕಾರ್ಖಾನೆಯವನು ನೂಲಿಗೆ, ಬಟ್ಟೆಗೆ ಮೊದಲೇ ದುಡ್ಡು ಸುರಿದಿರುತ್ತಾನೆ, ಬ್ಯಾಂಕಿಗೆ ಬಡ್ಡಿ ಕಟ್ಟುತ್ತಿರುತ್ತಾನೆ. ಬಡ ದೇಶದ ಕಾರ್ಖಾನೆ ಶ್ರೀಮಂತ ದೇಶದ ಅಂಗಡಿಗೆ ಕೈಸಾಲ ಕೊಟ್ಟ ಹಾಗೆ.

ಇನ್ನೊಂದು ಅಂಕಿ. 2019ರ ಆರಂಭದಲ್ಲಿ ಇಂಡಿಟೆಕ್ಸ್‌ನ ಅಂಗಡಿಗಳು 7,490. 2025ರ ಆರಂಭಕ್ಕೆ 5,563. ಮಾರಾಟ ಮಾತ್ರ ಹೆಚ್ಚಿದೆ. ಕೋವಿಡ್ ಸಮಯದಲ್ಲೇ ಸಾವಿರದಿಂದ ಸಾವಿರದ ಇನ್ನೂರು ಸಣ್ಣ ಅಂಗಡಿ ಮುಚ್ಚುತ್ತೇವೆ ಎಂದು ಹೇಳಿ, ದೊಡ್ಡ ಮಳಿಗೆ ಮತ್ತು ಆನ್‌ಲೈನ್ ಎರಡಕ್ಕೂ ಒಂದೇ ದಾಸ್ತಾನು ಬಳಸುವಂತೆ ಮಾಡಿದರು. ಪ್ರತಿ ಪೀಸಿನ ಟ್ಯಾಗಿನಲ್ಲಿ ಚಿಪ್ ಇದೆ, ಯಾವ ಊರಿನ ಯಾವ ಅಂಗಡಿಯಲ್ಲಿ ಆ ಎಂ ಸೈಜ್ ನೇತಾಡುತ್ತಿದೆ ಎಂದು ಕಂಪ್ಯೂಟರ್‌ಗೆ ಗೊತ್ತು. ಅಲ್ಲೂ ಊಹೆಯನ್ನು ಕಿರಿದು ಮಾಡುವ ಕೆಲಸವೇ.

ಇನ್ನು ನಮ್ಮ ಕಡೆಯ ಲೆಕ್ಕ.

ಊಹೆ ಬೇಡವಾದ ಬಟ್ಟೆಗಳೂ ಇರುತ್ತವೆ. ಬಿಳಿ ಟೀ ಶರ್ಟು, ಸಾದಾ ಶರ್ಟು, ಮಾಮೂಲಿ ಜೀನ್ಸು. ಇವು ಯಾವ ವರ್ಷವೂ ಓಡುತ್ತವೆ, ಆರು ತಿಂಗಳು ಮೊದಲೇ ಹೇಳಬಹುದು. ಆಗ ಹತ್ತಿರ ಇರಬೇಕಾದ ಅಗತ್ಯವಿಲ್ಲ, ಅಗ್ಗವಾಗಿದ್ದರೆ ಸಾಕು. ಅವು ಬಾಂಗ್ಲಾದೇಶ, ಭಾರತ, ವಿಯೆಟ್ನಾಂಗಳಿಗೆ ಬರುತ್ತವೆ. ವೇಗದ ಕಮಾಯಿ ಅಲ್ಲಿ, ಅಗ್ಗದ ದುಡಿಮೆ ಇಲ್ಲಿ.

ಕಾರ್ಖಾನೆಯೊಳಗೆ ಇದು ಹೇಗೆ ಕಾಣುತ್ತದೆ ಎಂದು ನಾನು ಕಂಡದ್ದನ್ನೇ ಹೇಳುತ್ತೇನೆ, ಬೈಯರ್, ಅಂದರೆ ಆರ್ಡರ್ ಕೊಡುವ ಬ್ರ್ಯಾಂಡ್, ಯಾರು ಎನ್ನುವುದು ಮುಖ್ಯವಲ್ಲ. ಸ್ಯಾಂಪಲ್ ಅಪ್ರೂವಲ್ ಬರುವುದು ಹತ್ತು ದಿನ ತಡವಾಗುತ್ತದೆ, ಕಾಲರ್ ಕಾಲಿಂಚು ಬದಲಿಸಿ ಎನ್ನುತ್ತಾರೆ, ಬಟನ್ ಬಣ್ಣ ಬದಲಾಗುತ್ತದೆ. ಶಿಪ್‌ಮೆಂಟ್ ತಾರೀಖು ಮಾತ್ರ ಅದೇ. ಹಡಗು ತಪ್ಪಿದರೆ ವಿಮಾನದಲ್ಲಿ ಕಳಿಸಿ, ಖರ್ಚು ನಿಮ್ಮದು. ಐದು ಸಾವಿರ ಪೀಸು ವಿಮಾನ ಹತ್ತಿದರೆ ಆ ಆರ್ಡರಿನ ಲಾಭ ಅಲ್ಲೇ ಹಾರಿಹೋಯಿತು. ಹಾಗಾಗಿ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್ ಮೇಲೆ ಕೂಗುತ್ತಾನೆ, ಇನ್‌ಚಾರ್ಜ್ ಸೂಪರ್‌ವೈಸರ್ ಮೇಲೆ, ಸೂಪರ್‌ವೈಸರ್ ಬ್ಯಾಚಿನ, ಅಂದರೆ ಒಂದು ಸಾಲಿನಲ್ಲಿ ಕೂತು ಹೊಲಿಯುವವರ ಮೇಲೆ. ಬೋರ್ಡಿನಲ್ಲಿ ಗಂಟೆಗೆ ಇಷ್ಟು ಪೀಸು ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ನಲವತ್ತು ಇದ್ದದ್ದು ನಲವತ್ತೈದಾಗುತ್ತದೆ. ಕಾಲರ್ ಕೂರಿಸುವ ಹೆಂಗಸು ಬಾತ್‌ರೂಮಿಗೆ ಹೋಗಿಬಂದರೆ ಅವಳ ಮುಂದೆ ಪೀಸಿನ ಗುಡ್ಡೆ. ಹತ್ತು ದಿನ ತಡ ಮಾಡಿದವರ ಹೆಸರು ಆ ಫ್ಲೋರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆ ಹತ್ತು ದಿನಗಳನ್ನು ನಿಮಿಷಗಳಾಗಿ ಒಡೆದು ಕಟ್ಟಿಕೊಡುವುದು ಮಾತ್ರ ಆಕೆ.

ಇದರ ಕೆಟ್ಟ ರೂಪಗಳು ದಾಖಲಾಗಿವೆ. 2005ರಲ್ಲಿ ಬಾಂಗ್ಲಾದೇಶದ ಸ್ಪೆಕ್ಟ್ರಮ್ ಕಾರ್ಖಾನೆ ಕುಸಿದು 64 ಜನ ಸತ್ತರು. ಅಲ್ಲಿ ಇಂಡಿಟೆಕ್ಸ್‌ನ ಮಾಲೂ ತಯಾರಾಗುತ್ತಿತ್ತು. 2011ರಲ್ಲಿ ಬ್ರೆಜಿಲ್‌ನ ಸಾವೊ ಪಾವ್ಲೊದಲ್ಲಿ ಕಾರ್ಮಿಕ ಅಧಿಕಾರಿಗಳು ದಾಳಿ ಮಾಡಿದಾಗ ಜಾರಾ ಬಟ್ಟೆ ಹೊಲಿಯುತ್ತಿದ್ದ ಹದಿನೈದು ಮಂದಿ ಜೀತದಂಥ ಸ್ಥಿತಿಯಲ್ಲಿ ಸಿಕ್ಕರು, ಹೆಚ್ಚಿನವರು ಬೊಲಿವಿಯಾದಿಂದ ವಲಸೆ ಬಂದವರು. ಗುತ್ತಿಗೆದಾರ ನಮಗೆ ಹೇಳದೆ ಉಪಗುತ್ತಿಗೆ ಕೊಟ್ಟಿದ್ದ ಎಂದಿತು ಕಂಪನಿ. ಆ ವರ್ಷದ ಕೊನೆಗೆ ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. 2016ರಲ್ಲಿ ಇಸ್ತಾಂಬುಲ್‌ನ ಬ್ರಾವೊ ಎಂಬ ಕಾರ್ಖಾನೆಯ ಮಾಲೀಕ ರಾತ್ರೋರಾತ್ರಿ ಬೀಗ ಹಾಕಿ ಪರಾರಿಯಾದ. ಮರುವರ್ಷ ಅಲ್ಲಿನ ಕಾರ್ಮಿಕರು ಜಾರಾ ಅಂಗಡಿಗಳಿಗೆ ಹೋಗಿ ಬಟ್ಟೆಗಳ ಜೇಬಿನಲ್ಲಿ ಚೀಟಿ ಇಟ್ಟುಬಂದರು: ನೀವು ಕೊಳ್ಳಲಿರುವ ಈ ಬಟ್ಟೆ ಹೊಲಿದದ್ದು ನಾನು, ನನಗೆ ಕೂಲಿ ಕೊಟ್ಟಿಲ್ಲ. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಆ ಚೀಟಿಯ ಚಿತ್ರ ಬಂತು.

ಇಂಡಿಟೆಕ್ಸ್ ಏನೂ ಮಾಡಿಲ್ಲ ಎಂದರೆ ತಪ್ಪಾಗುತ್ತದೆ. 2007ರಲ್ಲೇ ಜಾಗತಿಕ ಕಾರ್ಮಿಕ ಒಕ್ಕೂಟದ ಜೊತೆ ಒಪ್ಪಂದ ಮಾಡಿಕೊಂಡ ಮೊದಲಿಗರಲ್ಲಿ ಅದೂ ಒಂದು. ರಾಣಾ ಪ್ಲಾಜಾ ಎಂಬ ಗಾರ್ಮೆಂಟ್ಸ್ ಕಟ್ಟಡ ಕುಸಿದು 1,134 ಜನ ಸತ್ತ ಮೇಲೆ 2013ರಲ್ಲಿ ಬಾಂಗ್ಲಾದೇಶದ ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೂ ಸಹಿ ಹಾಕಿತು. ಆ ಒಪ್ಪಂದದಿಂದ ಸಾವಿರಕ್ಕೂ ಹೆಚ್ಚು ಕಾರ್ಖಾನೆಗಳಲ್ಲಿ ಬೆಂಕಿ ಬಾಗಿಲು, ಗಟ್ಟಿ ಕಂಬ ಬಂದದ್ದು ನಿಜ. ಆದರೆ ಇವೆಲ್ಲ ಕಟ್ಟಡದ, ಸಂಘಟನೆಯ ಒಪ್ಪಂದಗಳು. ಒಂದು ಪೀಸಿಗೆ ಎಷ್ಟು ಕೊಡುತ್ತೇವೆ ಎನ್ನುವ ಮಾತು ಅಲ್ಲಿ ಬರುವುದಿಲ್ಲ.

ಕರ್ನಾಟಕಕ್ಕೆ ಬರೋಣ. ರಾಜ್ಯದ ಗಾರ್ಮೆಂಟ್ಸ್‌ಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ದುಡಿಯುತ್ತಾರೆ, ಬಹುಪಾಲು ಹೆಂಗಸರು. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ರಾಮನಗರ, ಮಂಡ್ಯ. 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆ ಬಂದ್ ಆದದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಪಿಎಫ್ ತೆಗೆಯುವುದಕ್ಕೆ ಕೇಂದ್ರ ಹೊಸ ನಿಯಮ ತಂದಾಗ ಯಾವ ದೊಡ್ಡ ನಾಯಕರೂ ಕರೆಯದೆ ಹೆಂಗಸರು ರಸ್ತೆಗಿಳಿದರು, ಎರಡೇ ದಿನದಲ್ಲಿ ನಿಯಮ ವಾಪಸಾಯಿತು. ಒಂದು ಕಾರ್ಖಾನೆ ಬಿಟ್ಟು ಇನ್ನೊಂದು ಸೇರುವ ನಡುವೆ, ಮಗಳ ಫೀಸಿಗೆ, ಮನೆಯ ಸಾಲಕ್ಕೆ ಅವರ ಕೈಗೆ ಸಿಗುವ ಏಕೈಕ ಗಂಟು ಆ ಪಿಎಫ್ ಹಣ.

2020ರಲ್ಲಿ ಕೋವಿಡ್ ಬಂತು. ತಯಾರಾದ ಮಾಲಿಗೆ, ಹೊಲಿಗೆಯಲ್ಲಿದ್ದ ಮಾಲಿಗೆ ಪೂರ್ತಿ ದುಡ್ಡು ಕೊಡುತ್ತೇವೆ ಎಂದು ಎಚ್ ಅಂಡ್ ಎಂ, ಇಂಡಿಟೆಕ್ಸ್ ಎರಡೂ ಹೇಳಿದವು. ಹಾಗೆ ಹೇಳದ ಕಂಪನಿಗಳೂ ಇದ್ದವು. ಆದರೆ ಮುಂದಿನ ಸೀಸನ್ನಿನ ಆರ್ಡರ್ ಕೊಡಲೇಬೇಕು ಎಂದು ಯಾವ ಕರಾರೂ ಇರುವುದಿಲ್ಲ. ಆ ಜೂನ್‌ನಲ್ಲಿ ಶ್ರೀರಂಗಪಟ್ಟಣದಲ್ಲಿ ಗೋಕುಲದಾಸ್ ಎಕ್ಸ್‌ಪೋರ್ಟ್ಸ್‌ನ ಘಟಕ ಮುಚ್ಚಿತು. ಎಚ್ ಅಂಡ್ ಎಂಗಾಗಿ ಹೊಲಿಯುತ್ತಿದ್ದ ಘಟಕ, ಸಾವಿರದ ಇನ್ನೂರಕ್ಕೂ ಹೆಚ್ಚು ಕಾರ್ಮಿಕರು. ಆರ್ಡರ್ ಇಲ್ಲ ಎಂದರು ಮಾಲೀಕರು. ನಮ್ಮದು ಸಂಘ ಇರುವ ಫ್ಯಾಕ್ಟರಿ, ಅದಕ್ಕೇ ಮುಚ್ಚಿದರು ಎಂದರು ಕಾರ್ಮಿಕರು. ವಾರಗಟ್ಟಲೆ ಗೇಟಿನ ಮುಂದೆ ಧರಣಿ ನಡೆಯಿತು. 2021ರ ಆರಂಭದಲ್ಲಿ ಸಂಘಟನೆ ಮತ್ತು ಕಂಪನಿ ನಡುವೆ ಒಪ್ಪಂದವಾಗಿ ಕಂಪನಿಯ ಬೇರೆ ಘಟಕಗಳಲ್ಲಿ ಮರುನೇಮಕದ ಮಾತಾಯಿತು. ಶ್ರೀರಂಗಪಟ್ಟಣದ ಹೆಂಗಸಿಗೆ ಬೇರೆ ಊರಿನ ಘಟಕ ಎಂದರೆ ವ್ಯಾನು, ಎರಡು ಗಂಟೆ, ಮಗು ನೋಡಿಕೊಳ್ಳಲು ಅತ್ತೆ. ಒಪ್ಪಂದದ ಕಾಗದದಲ್ಲಿ ಇದು ಬರುವುದಿಲ್ಲ.

2020ರ ಏಪ್ರಿಲ್‌ನಿಂದ ಇನ್ನೊಂದು ವ್ಯಾಜ್ಯ. ಕನಿಷ್ಠ ವೇತನದ ಜೊತೆ ಬರುವ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ ಏರಬೇಕಿತ್ತು. ಸರ್ಕಾರ ಅದನ್ನು ಮುಂದೂಡಿತು, ಹೈಕೋರ್ಟು ಬಾಕಿ ಸಮೇತ ಕೊಡಿ ಎಂದಿತು, ಕಾರ್ಖಾನೆಗಳು ಕೊಡಲಿಲ್ಲ. ಈ ಕಾರ್ಖಾನೆಗಳಿಂದ ಮಾಲು ಕೊಳ್ಳುವವರ ಪಟ್ಟಿಯಲ್ಲಿ ಜಾರಾ, ಎಚ್ ಅಂಡ್ ಎಂ, ನೈಕಿ, ಮಾರ್ಕ್ಸ್ ಅಂಡ್ ಸ್ಪೆನ್ಸರ್ ಹೆಸರುಗಳು 2021ರ ಕೊನೆಗೆ ವಿದೇಶಿ ಪತ್ರಿಕೆಗಳಲ್ಲಿ ಬಂದವು. 2022ರಲ್ಲಿ ದೊಡ್ಡ ಕಂಪನಿಗಳು ಬಾಕಿ ಕೊಡಲು ಒಪ್ಪಿದವು.

ಬನ್ನಿ, ಒಂದು ಲೆಕ್ಕ ಹಾಕೋಣ. ಬೋರ್ಡಿನ ಮೇಲೆ ಬರೆಯುತ್ತೇನೆ. 417ನ್ನು 26 ದಿನಕ್ಕೆ ಭಾಗಿಸಿ: ದಿನಕ್ಕೆ 16 ರೂಪಾಯಿ. ಒಂದು ಬ್ಯಾಚಿನಲ್ಲಿ 40 ಟೈಲರ್‌ಗಳು ಅನ್ನಿ: 640 ರೂಪಾಯಿ. ಆ ಬ್ಯಾಚು ದಿನಕ್ಕೆ 400 ಶರ್ಟು ತೆಗೆಯುತ್ತದೆ ಅನ್ನಿ, ಇದು ಸುಮಾರಾದ ಬ್ಯಾಚಿನ ಮಾತು. ಶರ್ಟಿಗೆ 1 ರೂಪಾಯಿ 60 ಪೈಸೆ. ಕಟಿಂಗ್, ಚೆಕಿಂಗ್, ಐರನ್, ಪ್ಯಾಕಿಂಗ್, ಹೆಲ್ಪರ್‌ಗಳು ಎಲ್ಲರನ್ನೂ ಸೇರಿಸಿ ದುಪ್ಪಟ್ಟು ಮಾಡಿ, 3 ರೂಪಾಯಿ 20 ಪೈಸೆ. ಬೈಯರ್ ಬೆಲೆ ಏರಿಸುವುದಿಲ್ಲ, ನಾವು ಎಲ್ಲಿಂದ ತರೋಣ ಎಂದು ಮಾಲೀಕರು ತಕರಾರು ಮಾಡಿದ್ದು ಈ ಮೊತ್ತಕ್ಕೆ. ನಾನು ಮಾಲೀಕರ ಪರವಾಗಿ ಬೈಯರ್ ಜೊತೆ ಬೆಲೆ ಕುದುರಿಸಲು ಕೂತವಳು. ಒಂದು ಪೀಸಿಗೆ ಐದು ಸೆಂಟ್ ಏರಿಸಿ ಎಂದು ಕೇಳಿದರೆ ಎದುರಿನವರು ವಿಯೆಟ್ನಾಂ, ಇಥಿಯೋಪಿಯಾಗಳ ಹೆಸರು ತೆಗೆಯುತ್ತಿದ್ದರು. ಹಾಗಾಗಿ ಮಾಲೀಕರ ಮಾತಿನಲ್ಲಿ ಅರ್ಧ ಸತ್ಯ ಇದೆ ಎಂದು ಹೇಳಬಲ್ಲೆ. ಇನ್ನರ್ಧ ಅವರ ಲಾಭದ ಪುಸ್ತಕದಲ್ಲಿದೆ.

ಜಾರಾ ಭಾರತಕ್ಕೆ ಬಂದದ್ದು 2010ರಲ್ಲಿ, ಟಾಟಾ ಸಮೂಹದ ಟ್ರೆಂಟ್ ಜೊತೆ ಸೇರಿ, ಮೊದಲು ದೆಹಲಿಗೆ. ಸ್ಪೇನಿನಲ್ಲಿ ಆಫೀಸಿಗೆ ಹೋಗುವ ಯಾರು ಬೇಕಾದರೂ ಕೊಳ್ಳುವ ಬಟ್ಟೆ ಇಲ್ಲಿ ಮಾಲ್‌ನ ಪ್ರತಿಷ್ಠೆಯ ಬಟ್ಟೆಯಾಯಿತು. ಹದಿನೈದು ವರ್ಷ ಕಳೆದರೂ ಇಡೀ ದೇಶದಲ್ಲಿ ಅದರ ಅಂಗಡಿ ಇಪ್ಪತ್ತು ಚಿಲ್ಲರೆ. ಆದರೆ ಪಾಲುದಾರ ಟ್ರೆಂಟ್ ಸುಮ್ಮನೆ ಕೂರಲಿಲ್ಲ. ಟ್ರೆಂಟ್‌ನ ಬಟ್ಟೆ ಅಂಗಡಿ ವೆಸ್ಟ್‌ಸೈಡ್ ಹುಟ್ಟಿದ್ದೇ ನಮ್ಮ ಬೆಂಗಳೂರಿನ ಲಿಟಲ್‌ವುಡ್ಸ್ ಅಂಗಡಿಯನ್ನು ಕೊಂಡು, ಟಾಟಾದವರು ಲ್ಯಾಕ್ಮೆ ಸೌಂದರ್ಯವರ್ಧಕ ಕಂಪನಿ ಮಾರಿದ ದುಡ್ಡಿನಲ್ಲಿ. 2016ರಲ್ಲಿ ಅದು ಜೂಡಿಯೊ ತೆರೆಯಿತು. ಬೆಲೆಯೆಲ್ಲ ಸಾವಿರದೊಳಗೆ, ಎಲ್ಲ ಸ್ವಂತ ಲೇಬಲ್, ಜಾಹೀರಾತಿಲ್ಲ, ಆನ್‌ಲೈನ್ ಇಲ್ಲ, ಹೊಸ ಮಾಲು ಬರುತ್ತಲೇ ಇರಬೇಕು. 2025ರ ಮಾರ್ಚ್ ಹೊತ್ತಿಗೆ ಅಂಗಡಿಗಳು 765. ಇವತ್ತು ಇಲ್ಲಿ ಕೂತವರಲ್ಲಿ ಜೂಡಿಯೊ ಅಂಗಿ ತೊಟ್ಟವರು ಕೈ ಎತ್ತಿ ಎಂದಾಗ ಸಭೆಯ ಅರ್ಧ ಎತ್ತಿತು, ಒಬ್ಬ ಉಪನ್ಯಾಸಕರೂ ಸೇರಿ.

ಚೀನಾದ ಶೀಇನ್ ಬಗ್ಗೆ ಕೇಳಿದಿರಿ. ಅದು ಜಾರಾದ ಲೆಕ್ಕವನ್ನೇ ಇನ್ನೂ ಕಿರಿದು ಮಾಡಿತು: ಗುವಾಂಗ್‌ಝೌ ಸುತ್ತಲಿನ ಸಣ್ಣ ಘಟಕಗಳಲ್ಲಿ ನೂರಿನ್ನೂರು ಪೀಸು ಮಾಡಿಸಿ, ಮೊಬೈಲಿನಲ್ಲಿ ಹಾಕಿ, ಓಡಿದ್ದನ್ನು ಮಾತ್ರ ಮತ್ತೆ ಮಾಡಿಸುವುದು. ಬಹಳ ಕಾಲ ಕಾಯಂ ಅಂಗಡಿಯೇ ಇರಲಿಲ್ಲ. 2020ರಲ್ಲಿ ನಮ್ಮಲ್ಲಿ ನಿಷೇಧವಾಗಿ 2025ರಲ್ಲಿ ರಿಲಯನ್ಸ್ ಮೂಲಕ ಮರಳಿ ಬಂತು. ಅದರ ಬಗ್ಗೆ ಇನ್ನೊಂದು ದಿನ ಮಾತಾಡಬೇಕು. ಪರಿಸರದ ಬಗ್ಗೆ ಒಂದೇ ಮಾತು: 2023ರಲ್ಲಿ ಇಂಡಿಟೆಕ್ಸ್‌ನ ಸಾಗಣೆಯಿಂದಾದ ಇಂಗಾಲದ ಹೊಗೆ ಶೇ 37ರಷ್ಟು ಏರಿತು, ಮುಖ್ಯ ಕಾರಣ ವಿಮಾನ ಸಾಗಣೆ. ವೇಗವೇ ಬಂಡವಾಳವಾದ ಕಂಪನಿ ಹಡಗಿಗೆ ಕಾಯುವುದು ಕಷ್ಟ.

ಕೊನೆಗೆ ಎರಡನೇ ಸಾಲಿನ ಹುಡುಗಿ ಕೇಳಿದ ಪ್ರಶ್ನೆ. ‘ಮೇಡಂ, ನಮ್ಮಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ನಾನು ಆ ಬಟ್ಟೆ ತಗೋಬಾರದಾ?’

ತಗೋಮ್ಮ. ನೀನು ಬಿಟ್ಟರೆ ನಿಮ್ಮಮ್ಮನ ಆರ್ಡರ್ ಕಡಿಮೆಯಾಗುತ್ತದೆಯೇ ಹೊರತು ಕೂಲಿ ಏರುವುದಿಲ್ಲ. ಇಸ್ತಾಂಬುಲ್‌ನ ಚೀಟಿಗೆ ಯೂರೋಪಿನ ಗಿರಾಕಿ ಕಿವಿಗೊಟ್ಟಳು, ಏಕೆಂದರೆ ಅಲ್ಲಿ ಪತ್ರಿಕೆಗಳು, ಒಕ್ಕೂಟಗಳು ಕಂಪನಿಯನ್ನು ನಾಚಿಸುತ್ತವೆ. ಇಲ್ಲೇ ಹೊಲಿದು ಇಲ್ಲೇ ಮಾರುವ ಬಟ್ಟೆಗೆ ಆ ಒತ್ತಡ ಹೊರಗಿನಿಂದ ಬರುವುದಿಲ್ಲ. ಈಗ ನಮ್ಮ ದೇಶದ ಅಂಗಡಿಗಳು ಬೆಳೆಯುತ್ತಿರುವ ವೇಗ ನೋಡಿದರೆ ಮುಂದೆ ಹೆಚ್ಚಿನ ಮಾಲು ಅಂಥದ್ದೇ ಆಗುತ್ತದೆ. ಆಗ ಉಳಿಯುವುದು ಕನಿಷ್ಠ ವೇತನದ ಆದೇಶ, ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್, ಸಂಘ ಇದ್ದರೆ ಸಂಘ. ಪ್ರತಿ ವರ್ಷ ಏಪ್ರಿಲ್ ಒಂದರಿಂದ ಹೊಸ ತುಟ್ಟಿಭತ್ಯೆ ಲೆಕ್ಕಕ್ಕೆ ಬರುತ್ತದೆ. ಆದೇಶ ಕನ್ನಡದಲ್ಲೇ ಇರುತ್ತದೆ, ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ನೀನು ಬಿ.ಕಾಂ. ಓದುತ್ತಿದ್ದೀಯ, ಅಮ್ಮನ ಸಂಬಳದ ಚೀಟಿ ಪಕ್ಕದಲ್ಲಿಟ್ಟುಕೊಂಡು ಮೂಲ ವೇತನ, ತುಟ್ಟಿಭತ್ಯೆ, ಪಿಎಫ್ ಕಡಿತ ಮೂರನ್ನೂ ಹೋಲಿಸಿ ನೋಡು. ವ್ಯತ್ಯಾಸ ಕಂಡರೆ ಅವರ ಬ್ಯಾಚಿನ ಉಳಿದವರ ಚೀಟಿಗಳನ್ನೂ ತರಿಸಿಕೋ.